ಮೊದಲ ಗುಟುಕಿಗೂ ಮುನ್ನ: ಸ್ಟ್ರೋಕ್ ಆದವರಿಗೆ ನುಂಗುವ ಪರೀಕ್ಷೆ

ಸ್ಟ್ರೋಕ್ ಆಗಿ ಆಸ್ಪತ್ರೆ ಸೇರಿದವರ ಬಾಯಿಗೆ ಮೊದಲು ಹೋಗುವುದು ಏನು? ಬಹಳ ಸಲ ಅದು ವೈದ್ಯರು ಬರೆದ ಔಷಧಿಯಲ್ಲ. ಬಾಯಿ ಒಣಗಿದೆಯೆಂದು ಮಗಳು ಹಾಕುವ ಒಂದು ಚಮಚ ನೀರು, ನೋಡಲು ಬಂದ ನೆಂಟರು ಫ್ಲಾಸ್ಕಿನಿಂದ ಬಗ್ಗಿಸಿಕೊಡುವ ಕಾಫಿ, ತಂಪಿಗೆಂದು ತಂದ ಎಳನೀರು, ದೇವಸ್ಥಾನದ ತೀರ್ಥ. ಕೆಲವೊಮ್ಮೆ ಆಸ್ಪತ್ರೆಗೆ ಹೊರಡುವ ಮೊದಲೇ ಮನೆಯಲ್ಲಿ ಬಿಪಿ ಮಾತ್ರೆಯೊಂದನ್ನು ನೀರಿನ ಜೊತೆ ಕೊಟ್ಟಾಗಿರುತ್ತದೆ. ಕೈ ಎತ್ತಲಾಗುತ್ತಿಲ್ಲ, ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಮಾತು ತೊದಲುತ್ತಿದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಗಂಟಲೂ ಸೋತಿರಬಹುದು ಎಂಬುದು ಕಾಣುವುದಿಲ್ಲ, ಆದ್ದರಿಂದ ಹೊಳೆಯುವುದೂ ಇಲ್ಲ.

ಗಂಟಲು ಹಾಗೆ ಸೋಲುವುದು ಅಪರೂಪವೇನಲ್ಲ. ಕೆನಡಾದ ಟೊರೊಂಟೊದಲ್ಲಿ ರೋಸ್‌ಮೇರಿ ಮಾರ್ಟಿನೋ ಮತ್ತು ಸಂಗಡಿಗರು 2005ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮೇಲುಮೇಲಿನ ತಪಾಸಣೆಯಲ್ಲಿ ಸ್ಟ್ರೋಕ್ ಆದವರ ಪೈಕಿ ಶೇ 37ರಿಂದ 45 ಮಂದಿಗೆ ನುಂಗುವ ತೊಂದರೆ ಕಂಡಿತ್ತು. ಪರಿಣತರು ಹಾಸಿಗೆಯ ಬಳಿ ಕೂಲಂಕಷವಾಗಿ ಪರೀಕ್ಷಿಸಿದಾಗ ಅದು ಶೇ 51ರಿಂದ 55ಕ್ಕೆ ಏರಿತು. ಉಪಕರಣ ಬಳಸಿ ಗಂಟಲೊಳಗೇ ನೋಡಿದಾಗ ಶೇ 64ರಿಂದ 78. ಹುಡುಕಿದಷ್ಟೂ ಸಿಗುವ ತೊಂದರೆ ಇದು. ಇದು ಇರುವವರಿಗೆ ನ್ಯುಮೋನಿಯಾ ಬರುವ ಸಾಧ್ಯತೆ ಉಳಿದವರಿಗಿಂತ 3 ಪಟ್ಟು. ಆಹಾರವೋ ನೀರೋ ಶ್ವಾಸನಾಳಕ್ಕೆ ಜಾರುತ್ತಿರುವುದು ಖಚಿತವಾದವರಿಗೆ 11 ಪಟ್ಟಿಗೂ ಹೆಚ್ಚು.

ಆದ್ದರಿಂದಲೇ ಸ್ಟ್ರೋಕ್ ಚಿಕಿತ್ಸೆಯ ಮಾರ್ಗಸೂಚಿಗಳೆಲ್ಲ ಒಂದು ಮಾತನ್ನು ಒತ್ತಿ ಹೇಳುತ್ತವೆ: ನುಂಗುವ ಸಾಮರ್ಥ್ಯದ ತಪಾಸಣೆ ಆಗುವವರೆಗೆ ಬಾಯಿಯ ಮೂಲಕ ಊಟ ಬೇಡ, ನೀರು ಬೇಡ, ಮಾತ್ರೆಯೂ ಬೇಡ. ಬ್ರಿಟನ್ನಿನಲ್ಲಿ ಆಸ್ಪತ್ರೆಗೆ ಬಂದ 4 ಗಂಟೆಯೊಳಗೆ ಈ ತಪಾಸಣೆ ಆಗಬೇಕೆಂಬ ಗುರಿ ಇದೆ. ಇದಕ್ಕೆ ಸ್ಕ್ಯಾನಿಂಗ್ ಯಂತ್ರ ಬೇಡ, ರಕ್ತ ತೆಗೆಯಬೇಕಿಲ್ಲ. ಒಂದು ಲೋಟ ನೀರು, ಒಂದು ಚಮಚ, ತರಬೇತಿ ಪಡೆದ ಒಬ್ಬ ನರ್ಸ್, ಗುರುತು ಹಾಕಲು ಒಂದು ಹಾಳೆ ಸಾಕು.

ಒಂದು ಸೆಕೆಂಡಿನ ಕೆಲಸ

ಗಂಟಲಿನಲ್ಲಿ ಗಾಳಿಯ ದಾರಿಯೂ ಅನ್ನದ ದಾರಿಯೂ ಒಂದನ್ನೊಂದು ಅಡ್ಡ ಹಾಯುತ್ತವೆ. ಮೂಗಿನಿಂದ ಇಳಿದ ಗಾಳಿ ಮುಂಭಾಗದ ಶ್ವಾಸನಾಳಕ್ಕೆ ಹೋಗಬೇಕು, ಬಾಯಿಯಿಂದ ಬಂದ ತುತ್ತು ಅದರ ಹಿಂದಿರುವ ಅನ್ನನಾಳಕ್ಕೆ. ರಸ್ತೆ ಮತ್ತು ಹಳಿ ಕೂಡುವ ಕಡೆಯ ರೈಲ್ವೆ ಗೇಟಿನಂತೆ, ತುತ್ತು ಹಾಯುವ ಸುಮಾರು ಒಂದು ಸೆಕೆಂಡು ಮಾತ್ರ ಗಾಳಿಯ ದಾರಿ ಮುಚ್ಚಿ ಮತ್ತೆ ತೆರೆಯಬೇಕು. ಆ ಒಂದು ಸೆಕೆಂಡಿನಲ್ಲಿ ನಾಲಗೆ ತುತ್ತನ್ನು ಹಿಂದಕ್ಕೆ ದೂಡುತ್ತದೆ, ಮೃದು ಅಂಗುಳ ಮೇಲೆದ್ದು ಮೂಗಿನ ಕಡೆಯ ದಾರಿಯನ್ನು ಕಟ್ಟುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಇಡೀ ಧ್ವನಿಪೆಟ್ಟಿಗೆಯೇ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ, ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮೃದ್ವಸ್ಥಿ ಅದರ ಮೇಲೆ ಬಾಗುತ್ತದೆ, ಅನ್ನನಾಳದ ಬಾಯಿ ತೆರೆಯುತ್ತದೆ. ಕುತ್ತಿಗೆಯ ಮುಂದಿನ ಗಟ್ಟಿ ಉಬ್ಬಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿದರೆ ಅದು ಏರಿ ಇಳಿಯುವುದು ನಿಮಗೇ ತಿಳಿಯುತ್ತದೆ.

ತಲೆಬುರುಡೆಯಿಂದ ಹೊರಡುವ 12 ಜೋಡಿ ನರಗಳಲ್ಲಿ 5 ಜೋಡಿಗೆ ಇದರಲ್ಲಿ ಕೆಲಸವಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿಯನ್ನು ಕಾಯುವುದು ಮೆದುಳಿನ ಕಾಂಡದ ಕೆಳಭಾಗವಾದ ಮೆಡುಲ್ಲಾ. ಅಲ್ಲೇ ಸ್ಟ್ರೋಕ್ ಆದರೆ, ಕೈಕಾಲು ಚೆನ್ನಾಗಿಯೇ ಇದ್ದು ಎಂಜಲು ಕೂಡ ನುಂಗಲಾಗದ ಸ್ಥಿತಿ ಬರಬಹುದು. ಮೆದುಳಿನ ಮೇಲ್ಭಾಗದ ಕತೆ ಬೇರೆ. ನುಂಗುವಿಕೆಯನ್ನು ನಿಯಂತ್ರಿಸುವಲ್ಲಿ ಎಡ ಬಲ ಎರಡೂ ಪಾರ್ಶ್ವಗಳಿಗೆ ಪಾಲಿದೆ, ಆದರೆ ಸಮಪಾಲಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ಪಾರ್ಶ್ವ ಮೇಲುಗೈ ಪಡೆದಿರುತ್ತದೆ. ಅದು ಪೆಟ್ಟು ತಿಂದರೆ ನುಂಗುವುದು ಕೆಡುತ್ತದೆ, ಇನ್ನೊಂದು ತಿಂದರೆ ಅಷ್ಟಾಗಿ ಕೆಡುವುದಿಲ್ಲ. ಬಲಗೈ ಬಿದ್ದಿದೆಯೋ ಎಡಗೈಯೋ, ಪಾರ್ಶ್ವವಾಯು ಎಷ್ಟು ಜೋರಾಗಿದೆ ಎಂಬುದನ್ನು ನೋಡಿಯೇ ಗಂಟಲಿನ ಸ್ಥಿತಿಯನ್ನು ಊಹಿಸಲಾಗದು ಎಂಬುದಕ್ಕೆ ಇದೂ ಒಂದು ಕಾರಣ. ನಡೆದುಕೊಂಡು ಬಂದವರನ್ನೂ ತಪಾಸಣೆ ಮಾಡಬೇಕು.

ಕೆಮ್ಮಲಿಲ್ಲ ಎಂದ ಮಾತ್ರಕ್ಕೆ

ನಮ್ಮಲ್ಲಿ ಊಟ ಮಾಡುವಾಗ ಯಾರಿಗಾದರೂ ನೆತ್ತಿಗೆ ಹತ್ತಿದರೆ ‘ಯಾರೋ ನೆನೆಸಿಕೊಂಡರು’ ಎನ್ನುತ್ತ ನೆತ್ತಿ ತಟ್ಟಿ, ಇನ್ನೊಂದು ಗುಟುಕು ನೀರು ಕುಡಿಸುತ್ತಾರೆ. ಆರೋಗ್ಯವಂತರಿಗೆ ಇದರಿಂದ ಏನೂ ಆಗುವುದಿಲ್ಲ. ಗಂಟಲು ತನ್ನನ್ನು ತಾನೇ ಕಾದುಕೊಳ್ಳುತ್ತದೆ. ಸ್ಟ್ರೋಕ್ ಆದವರು ಕೆಮ್ಮಿದಾಗ ಮೇಲೆ ಇನ್ನೊಂದು ಗುಟುಕು ಕೊಡುವುದು ಜಾರುತ್ತಿರುವ ದಾರಿಗೇ ಮತ್ತಷ್ಟು ನೀರು ಸುರಿದ ಹಾಗೆ. ಆಗ ಕೊಡುವುದನ್ನು ನಿಲ್ಲಿಸಿ, ನೇರವಾಗಿ ಕೂರಿಸಿ, ಕೆಮ್ಮು ಮುಗಿಯುವವರೆಗೆ ಕೆಮ್ಮಲು ಬಿಡಬೇಕು.

ಆದರೂ ಕೆಮ್ಮುವವರೇ ಎಷ್ಟೋ ವಾಸಿ. ನಿಜವಾದ ಭಯ ಇರುವುದು ಕೆಮ್ಮದವರಲ್ಲಿ. ಸ್ಟ್ರೋಕ್‌ನಲ್ಲಿ ಗಂಟಲಿನ ಸ್ನಾಯುವಷ್ಟೇ ಅಲ್ಲ, ಸ್ಪರ್ಶವೂ ಮಂದವಾಗಬಹುದು. ನೀರು ಧ್ವನಿತಂತುಗಳನ್ನು ದಾಟಿ ಶ್ವಾಸನಾಳಕ್ಕೆ ಇಳಿದರೂ ಮೆದುಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಮುಖದಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ, ‘ಚೆನ್ನಾಗಿ ಕುಡಿದರು’ ಎಂದು ಮನೆಯವರು ಸಮಾಧಾನಪಡುತ್ತಾರೆ. ಎರಡು ದಿನ ಬಿಟ್ಟು ಜ್ವರ ಬರುತ್ತದೆ. ವಿಡಿಯೊ ಎಕ್ಸ್‌ರೇಯಲ್ಲಿ ಹೀಗೆ ಜಾರುವುದು ಕಂಡುಬಂದವರ ಪೈಕಿ ದೊಡ್ಡ ಪಾಲಿನವರು ಕೆಮ್ಮುವುದೇ ಇಲ್ಲ. ಇದಕ್ಕೆ ಮೌನ ಆಸ್ಪಿರೇಶನ್ ಎನ್ನುತ್ತಾರೆ. ಸುಮ್ಮನೆ ಒಂದು ಚಮಚ ಕೊಟ್ಟು ನೋಡುವ ಮನೆಯವರ ಪರೀಕ್ಷೆ ಸಾಲದು ಎನ್ನುವುದು ಇದರಿಂದಲೇ.

ಬಾಯಿ ತೆರೆಸಿ ಗಂಟಲ ಹಿಂಭಾಗಕ್ಕೆ ಕಡ್ಡಿ ಮುಟ್ಟಿಸಿ, ಓಕರಿಕೆ ಬಂದರೆ ‘ಸರಿಯಿದೆ’ ಎನ್ನುವುದು ಇನ್ನೊಂದು ಹಳೆಯ ರೂಢಿ. ಇದು ಇನ್ನಾದರೂ ನಿಲ್ಲಬೇಕು. ಆರೋಗ್ಯವಂತರಲ್ಲೇ ಸುಮಾರು ಮೂರರಲ್ಲಿ ಒಬ್ಬರಿಗೆ ಈ ಪ್ರತಿವರ್ತನೆ ಇರುವುದಿಲ್ಲವೆಂದು ತಿಳಿದು ಮೂರು ದಶಕಗಳಾಗುತ್ತಿವೆ. ಓಕರಿಸುವುದೇ ಬೇರೆ, ನುಂಗುವುದೇ ಬೇರೆ.

ಹಾಸಿಗೆಯ ಬಳಿ ನಡೆಯುವುದೇನು

ತಪಾಸಣೆ ಶುರುವಾಗುವುದು ನೀರಿನಿಂದಲ್ಲ. ನರ್ಸ್ ಮೊದಲು ನೋಡುವುದು, ರೋಗಿ ಎಚ್ಚರವಾಗಿದ್ದಾರೆಯೇ ಎಂಬುದನ್ನು. ಹೆಸರು ಕೂಗಿದರೆ ಕಣ್ಣು ಬಿಟ್ಟು ಮತ್ತೆ ತೂಕಡಿಸುವವರಿಗೆ ಪರೀಕ್ಷೆಯನ್ನೇ ಮಾಡುವುದಿಲ್ಲ. ಕಾದು, ಆಮೇಲೆ ಮತ್ತೆ ನೋಡುತ್ತಾರೆ. ಎಚ್ಚರವಿದ್ದರೆ ಮಂಚದ ತಲೆಭಾಗವನ್ನು ಎತ್ತಿ ಆದಷ್ಟು ನೇರವಾಗಿ ಕೂರಿಸಬೇಕು, ಸೋತ ಪಕ್ಕಕ್ಕೆ ದಿಂಬು ಕೊಡಬೇಕು. ಬಾಯೊಳಗೆ ಟಾರ್ಚ್ ಬಿಟ್ಟು ಎಂಜಲು ನಿಂತಿದೆಯೇ, ಬೆಳಗಿನ ತಿಂಡಿಯ ಚೂರು ಕೆನ್ನೆಯಲ್ಲಿ ಉಳಿದಿದೆಯೇ ಎಂದು ನೋಡಬೇಕು. ಸೊಟ್ಟಗಾದ ಬಾಯಿಯ ಕೆನ್ನೆಯಲ್ಲಿ ಇಡ್ಲಿ ತುಂಡು ಗಂಟೆಗಟ್ಟಲೆ ಕುಳಿತಿರುವುದು ಉಂಟು, ರೋಗಿಗೆ ಅದರ ಅರಿವೇ ಇರುವುದಿಲ್ಲ. ಆಮೇಲೆ ‘ಆ’ ಎಂದು ದನಿ ತೆಗೆಯಲು ಹೇಳುತ್ತಾರೆ, ಜೋರಾಗಿ ಕೆಮ್ಮಲು ಹೇಳುತ್ತಾರೆ, ಎಂಜಲು ನುಂಗಲು ಹೇಳುತ್ತಾರೆ. ನೀರು ಕೊಡುವ ಮೊದಲಿನ ದನಿ ಹೇಗಿತ್ತೆಂದು ಕಿವಿಗೆ ತಿಳಿದಿದ್ದರೆ ಮಾತ್ರ ಕೊಟ್ಟ ಮೇಲೆ ಅದು ಬದಲಾಯಿತೇ ಎಂದು ಹೇಳಲು ಸಾಧ್ಯ.

ಇಷ್ಟರಲ್ಲಿ ಎಡವಿದರೆ ನೀರಿನ ತನಕ ಹೋಗುವುದೇ ಬೇಡ. ದಾಟಿದರೆ ನೀರು. ಈ ಹಂತದಲ್ಲಿ ಬೇರೆ ಬೇರೆ ಕಡೆ ಬೇರೆ ಬೇರೆ ಪದ್ಧತಿಗಳಿವೆ. ಎರಡನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಅವು ಒಂದೇ ಪ್ರಶ್ನೆಗೆ ಎರಡು ದಿಕ್ಕಿನಿಂದ ಬರುತ್ತವೆ.

ಮೊದಲನೆಯದು ನ್ಯೂಯಾರ್ಕ್ ರಾಜ್ಯದ ಪುನರ್ವಸತಿ ಆಸ್ಪತ್ರೆಯೊಂದರಿಂದ 1992ರಲ್ಲಿ ಬಂದದ್ದು. 3 ಔನ್ಸ್, ಅಂದರೆ ಸುಮಾರು 90 ಮಿಲಿ ನೀರು, ಹೆಚ್ಚುಕಡಿಮೆ ನಮ್ಮ ಒಂದು ಸಣ್ಣ ಕಾಫಿ ಲೋಟದಷ್ಟು. ರೋಗಿ ಅದನ್ನು ನಡುವೆ ನಿಲ್ಲಿಸದೆ ಕುಡಿಯಬೇಕು. ಕುಡಿಯುವಾಗ ಅಥವಾ ಕುಡಿದು ಒಂದು ನಿಮಿಷದೊಳಗೆ ಕೆಮ್ಮು ಬಂದರೆ, ಇಲ್ಲವೇ ದನಿ ಒದ್ದೆಯಾಗಿ ಗೊರಗೊರ ಎಂದರೆ, ಅನುತ್ತೀರ್ಣ. ಆ ಗೊರಗೊರ ಸದ್ದು ಧ್ವನಿತಂತುಗಳ ಮೇಲೆ ನೀರು ನಿಂತಿರುವ ಗುರುತು. ಪರೀಕ್ಷೆ ಎಷ್ಟು ಸರಳವೋ ಅದರ ಮೇಲಿನ ವಾದ ಅಷ್ಟೇ ಉದ್ದ. 44 ರೋಗಿಗಳ ಆ ಮೊದಲ ಅಧ್ಯಯನದಲ್ಲಿ, ಶ್ವಾಸನಾಳಕ್ಕೆ ಜಾರುತ್ತಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲನ್ನು ಇದು ಹಿಡಿದಿತ್ತು. 2008ರಲ್ಲಿ ಡೆಬ್ರಾ ಸೂಟರ್ ಮತ್ತು ಸ್ಟೀವನ್ ಲೆಡರ್ ನಾನಾ ಕಾಯಿಲೆಗಳ 3000 ರೋಗಿಗಳಲ್ಲಿ ಇದನ್ನು ಎಂಡೋಸ್ಕೋಪಿಯ ಜೊತೆ ಹೋಲಿಸಿದಾಗ ಹಿಡಿದ ಪ್ರಮಾಣ ಶೇ 96.5. ಅದೇ ಅಧ್ಯಯನದಲ್ಲಿ, ಏನೂ ಜಾರದಿದ್ದವರಲ್ಲಿ ಶೇ 48.7 ಮಂದಿ ಮಾತ್ರ ಉತ್ತೀರ್ಣರಾದರು.

ಈ ಎರಡು ಸಂಖ್ಯೆಗಳಲ್ಲೇ ಇಡೀ ವಿಷಯದ ತಿರುಳಿದೆ. ನೀರು ನಿಜವಾಗಿ ಜಾರುತ್ತಿರುವ 100 ಮಂದಿಯಲ್ಲಿ 96ರಿಂದ 97 ಮಂದಿಯನ್ನು ಲೋಟ ನೀರು ಹಿಡಿದುಕೊಡುತ್ತದೆ. ಅದಕ್ಕೆ ಪ್ರತಿಯಾಗಿ, ಏನೂ ಜಾರದ 100 ಮಂದಿಯಲ್ಲಿ 51 ಮಂದಿಯನ್ನು ಸುಮ್ಮಸುಮ್ಮನೆ ತಡೆದು ನಿಲ್ಲಿಸುತ್ತದೆ. ಇದು ಪರೀಕ್ಷೆಯ ಕುಂದು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಎರಡು ತಪ್ಪುಗಳ ಬೆಲೆ ಒಂದೇ ಅಲ್ಲ. ಸರಿಯಿದ್ದವರನ್ನು ತಡೆದರೆ ಒಂದು ದಿನದ ಹಸಿವು, ಡ್ರಿಪ್, ಒಂದಿಷ್ಟು ಸಿಟ್ಟು. ಸರಿಯಿಲ್ಲದವರನ್ನು ಬಿಟ್ಟರೆ ನ್ಯುಮೋನಿಯಾ. ಮೊದಲ ಜರಡಿಯ ಕಣ್ಣು ಸಣ್ಣದಿರಲೇಬೇಕು. ‘ಅಪ್ಪ ಚೆನ್ನಾಗಿಯೇ ಇದ್ದಾರೆ, ಸಿಸ್ಟರ್ ಸುಮ್ಮನೆ ಊಟ ಬೇಡ ಅಂದಿದ್ದಾರೆ’ ಎಂದು ವಾರ್ಡಿನಲ್ಲಿ ಗೊಣಗುವ ಮಕ್ಕಳು ಹೇಳುವುದು ಅರ್ಧದಷ್ಟು ಸಲ ನಿಜವೇ ಆಗಿರಬಹುದು. ನರ್ಸ್ ಹೇಳಿದ್ದೂ ಸರಿಯೇ.

ಎರಡನೆಯ ಪದ್ಧತಿ ಆಸ್ಟ್ರಿಯಾದ್ದು. ವಿಯೆನ್ನಾ ಬಳಿಯ ಗುಗ್ಗಿಂಗ್ ಎಂಬಲ್ಲಿನ ಆಸ್ಪತ್ರೆಯಲ್ಲಿ ಮಿಖಾಯೆಲಾ ಟ್ರಾಪ್ಲ್ ಮತ್ತು ಸಂಗಡಿಗರು ರೂಪಿಸಿ 2007ರಲ್ಲಿ ಪ್ರಕಟಿಸಿದ್ದು. ಅದಕ್ಕೆ ‘ಗಸ್’ ಎಂಬ ಮೊಟಕು ಹೆಸರಿದೆ. ಸ್ಟ್ರೋಕ್ ಆದವರಿಗೆ ತೀರಾ ಕಷ್ಟವಾಗುವುದು ತೆಳುವಾದ ನೀರು, ಮಂದವಾದದ್ದು ಎಷ್ಟೋ ಸುಲಭ. ಹಾಗಿದ್ದಮೇಲೆ ನೀರಿನಿಂದಲೇ ಏಕೆ ಆರಂಭಿಸಬೇಕು ಎಂದು ಅವರು ಕೇಳಿದರು. ನೀರು ಬಾಯಿಗೆ ಬಿದ್ದ ಕೂಡಲೇ ಹರಿದುಬಿಡುತ್ತದೆ, ನಿಧಾನವಾದ ಗಂಟಲು ಸಿದ್ಧವಾಗುವ ತನಕ ಕಾಯುವುದಿಲ್ಲ. ಪಾಯಸದಷ್ಟು ಮಂದವಾದದ್ದು ಕಾಯುತ್ತದೆ. ಹಾಗಾಗಿ ಗಸ್‌ನಲ್ಲಿ ಎಂಜಲು ನುಂಗುವ ಹಂತದ ನಂತರ ಮೊದಲು ಕೊಡುವುದು ಗಟ್ಟಿ ಮಾಡಿದ ನೀರಿನ ಅರ್ಧ ಚಮಚ. ಅದು ಸುಸೂತ್ರವಾಗಿ ಇಳಿದರೆ ಮಾತ್ರ ತೆಳು ನೀರು, ಅದೂ 3 ಮಿಲಿ, 5, 10, 20 ಎಂದು ಏರುತ್ತ ಕೊನೆಗೆ 50 ಮಿಲಿ. ಅದನ್ನೂ ದಾಟಿದರೆ ಒಣ ಬ್ರೆಡ್ಡಿನ ಚೂರು. ಒಂದೊಂದು ಹಂತಕ್ಕೂ 5 ಅಂಕ, ಒಟ್ಟು 20. ಯಾವ ಹಂತದಲ್ಲಿ ಪೂರ್ಣ 5 ಬರಲಿಲ್ಲವೋ ಅಲ್ಲಿಗೆ ಪರೀಕ್ಷೆ ನಿಲ್ಲುತ್ತದೆ. 20 ಬಂದರೆ ಮಾಮೂಲಿ ಊಟ. 15ರಿಂದ 19 ಬಂದರೆ ಸಣ್ಣ ತೊಂದರೆ. 10ರಿಂದ 14 ಮಧ್ಯಮ. 9 ಅಥವಾ ಕಡಿಮೆ ಎಂದರೆ ತೀವ್ರ, ಬಾಯಿಗೆ ಏನೂ ಇಲ್ಲ.

ನನಗೆ ಗಸ್ ಹೆಚ್ಚು ಹಿಡಿಸುತ್ತದೆ. ಲೋಟದ ನೀರಿನ ಪರೀಕ್ಷೆ ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ನೀರಿನಲ್ಲಿ ಎಡವಿದವರಿಗೆ ಗಂಜಿಯಾದರೂ ಕೊಡಬಹುದೇ ಎಂಬ, ಮನೆಯವರು ಮುಂದಿನ ಕ್ಷಣವೇ ಕೇಳುವ ಪ್ರಶ್ನೆಗೆ ಗಸ್‌ನಲ್ಲಿ ಉತ್ತರವಿದೆ. ನುಂಗುವ ತೊಂದರೆಯನ್ನೂ ನೋಡಿಕೊಳ್ಳುವ ಸ್ಪೀಚ್ ಥೆರಪಿಸ್ಟ್ ಇಲ್ಲದ ಆಸ್ಪತ್ರೆಯಲ್ಲಿ ಆ ಉತ್ತರಕ್ಕೆ ಬೆಲೆ ಹೆಚ್ಚು. ಆದರೆ ಅದಕ್ಕೆ ಸಮಯ ಬೇಕು. 40 ಹಾಸಿಗೆಯ ವಾರ್ಡಿಗೆ ರಾತ್ರಿ ಇಬ್ಬರೇ ನರ್ಸ್ ಇದ್ದರೆ ಅಷ್ಟು ಹಂತಗಳ ಪರೀಕ್ಷೆ ಹಾಳೆಯ ಮೇಲೆಯೇ ಉಳಿದೀತು. ನಡೆಯದ ಒಳ್ಳೆಯ ಪರೀಕ್ಷೆಗಿಂತ ನಡೆಯುವ ಸಾಧಾರಣ ಪರೀಕ್ಷೆ ಮೇಲು. ಟೊರೊಂಟೊದವರದೂ ಒಂದು ಪದ್ಧತಿ ಇದೆ, ಹತ್ತು ಚಮಚ ನೀರನ್ನು ಒಂದೊಂದಾಗಿ ಕೊಟ್ಟು ನೋಡುವುದು. ಯಾವುದನ್ನೇ ಹಿಡಿದರೂ ವಾರ್ಡಿನಲ್ಲಿ ಎಲ್ಲರೂ ಒಂದನ್ನೇ, ಒಂದೇ ರೀತಿಯಲ್ಲಿ ಮಾಡಬೇಕು.

ಇದರಿಂದ ಪ್ರಯೋಜನವಾಗಿದೆಯೇ? ಅಮೆರಿಕದ 15 ಆಸ್ಪತ್ರೆಗಳ ಲೆಕ್ಕ 2005ರಲ್ಲಿ ಬಂತು. ನುಂಗುವ ತಪಾಸಣೆಗೆ ಲಿಖಿತ ಕ್ರಮ ಇಟ್ಟುಕೊಂಡಿದ್ದ ಆಸ್ಪತ್ರೆಗಳಲ್ಲಿ ಸ್ಟ್ರೋಕ್ ರೋಗಿಗಳ ಪೈಕಿ ಶೇ 2.4 ಮಂದಿಗೆ ನ್ಯುಮೋನಿಯಾ ಬಂದಿತ್ತು, ಇಲ್ಲದ ಕಡೆ ಶೇ 5.4. ಕ್ರಮಬದ್ಧ ಆಸ್ಪತ್ರೆಗಳು ಬೇರೆ ವಿಷಯಗಳಲ್ಲೂ ಕ್ರಮಬದ್ಧವಾಗಿರುತ್ತವೆ, ಆದ್ದರಿಂದ ಶ್ರೇಯವನ್ನೆಲ್ಲ ತಪಾಸಣೆಗೇ ಕೊಡಲಾಗದು. ಇನ್ನೂ ಗಟ್ಟಿಯಾದ ಸಾಕ್ಷ್ಯ ಬಂದದ್ದು 2011ರಲ್ಲಿ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಿಂದ. ಶುಶ್ರೂಷಾ ಪ್ರಾಧ್ಯಾಪಕಿ ಸ್ಯಾಂಡಿ ಮಿಡಲ್ಟನ್ ಅವರ ತಂಡ 19 ಸ್ಟ್ರೋಕ್ ಘಟಕಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಒಂದು ಗುಂಪಿನ ನರ್ಸ್‌ಗಳಿಗೆ ಜ್ವರ, ರಕ್ತದ ಸಕ್ಕರೆ, ನುಂಗುವಿಕೆ ಈ ಮೂರನ್ನು ಮೊದಲ ದಿನಗಳಲ್ಲಿ ಬಿಗಿಯಾಗಿ ನೋಡಿಕೊಳ್ಳುವ ತರಬೇತಿ ಸಿಕ್ಕಿತು. 90 ದಿನಗಳ ನಂತರ ತೀರಿಕೊಂಡವರು ಮತ್ತು ಪರಾವಲಂಬಿಗಳಾಗಿ ಉಳಿದವರು ಸೇರಿ ತರಬೇತಿ ಸಿಕ್ಕ ಕಡೆ ಶೇ 42, ಇನ್ನೊಂದು ಕಡೆ ಶೇ 58. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಮೂರರಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲು ಬರುವುದಿಲ್ಲ. ತರಬೇತಿ ಸಿಕ್ಕ ಘಟಕಗಳಲ್ಲೂ 24 ಗಂಟೆಯೊಳಗೆ ನುಂಗುವ ತಪಾಸಣೆ ಆದದ್ದು ಶೇ 46 ಮಂದಿಗೆ ಮಾತ್ರ, ಇನ್ನೊಂದು ಕಡೆ ಶೇ 7 ಮಂದಿಗೆ. ಅಷ್ಟು ಸವಲತ್ತಿರುವ ದೇಶದಲ್ಲೂ ಐದು ನಿಮಿಷದ ಕೆಲಸ ಅರ್ಧದಷ್ಟು ಮಂದಿಗೆ ತಲುಪಿರಲಿಲ್ಲ.

ಅನುತ್ತೀರ್ಣರಾದರೆ

ತಪಾಸಣೆ ರೋಗನಿರ್ಣಯವಲ್ಲ. ‘ಈಗಲೇ ಬಾಯಿಗೆ ಕೊಡುವುದು ಕ್ಷೇಮವೇ’ ಎಂಬ ಒಂದೇ ಪ್ರಶ್ನೆಗೆ ಅದು ಉತ್ತರ. ಇಲ್ಲ ಎಂದಾದರೆ ಮುಂದಿನ ಕೆಲಸ ಸ್ಪೀಚ್ ಥೆರಪಿಸ್ಟ್ ಅವರದು. ಮಾತಿನ ತರಬೇತಿ ಕೊಡುವವರಿಗೂ ಊಟಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಮಾತನಾಡುವ ನಾಲಗೆ, ತುಟಿ, ಧ್ವನಿಪೆಟ್ಟಿಗೆಗಳೇ ನುಂಗುವ ಕೆಲಸವನ್ನೂ ಮಾಡುವುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ವೃತ್ತಿಯವರನ್ನು ತಯಾರು ಮಾಡುತ್ತ ಬಂದಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ವಿಭಾಗವಿದೆ. ಆದರೆ ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಇವರು ಸಿಗುವುದು ಕಷ್ಟ. ಬೇಕಾದಾಗ ಇವರು ಎರಡು ಉಪಕರಣಗಳ ನೆರವು ಪಡೆಯುತ್ತಾರೆ: ಬೇರಿಯಂ ಬೆರೆಸಿದ ಆಹಾರ ನುಂಗಿಸುತ್ತ ತೆಗೆಯುವ ವಿಡಿಯೊ ಎಕ್ಸ್‌ರೇ, ಮತ್ತು ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ಇಳಿಸಿ ಗಂಟಲನ್ನು ಮೇಲಿನಿಂದ ನೋಡುವ ಎಂಡೋಸ್ಕೋಪಿ. ಮೌನವಾಗಿ ಜಾರುವುದನ್ನು ಖಚಿತವಾಗಿ ಹೇಳಬಲ್ಲವು ಇವೇ. ಇಂಗ್ಲೆಂಡ್ ಮತ್ತು ವೇಲ್ಸ್‌ನ 60 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ 2017ರ ಅಧ್ಯಯನದಲ್ಲಿ, ಮೊದಲ ತಪಾಸಣೆ ತಡವಾದಷ್ಟೂ ನ್ಯುಮೋನಿಯಾದ ಅಪಾಯ ಹೆಚ್ಚಿತ್ತು. ಸ್ಪೀಚ್ ಥೆರಪಿಸ್ಟ್ ನೋಡುವುದು ತಡವಾದರೆ ಇನ್ನೂ ಹೆಚ್ಚು.

ಬಾಯಿಗೆ ಬೇಡ ಎಂದರೆ ಉಪವಾಸ ಕೆಡವುವುದು ಎಂದಲ್ಲ. ಮೊದಲಿಗೆ ಡ್ರಿಪ್, ಅದಕ್ಕಿಂತ ದೀರ್ಘವಾಗುವಂತಿದ್ದರೆ ಮೂಗಿನ ಮೂಲಕ ಹೊಟ್ಟೆಗೆ ರೈಲ್ಸ್ ಟ್ಯೂಬ್. ಪೈಪ್ ಹಾಕಿದರೆಂದರೆ ಎಲ್ಲ ಮುಗಿಯಿತು ಎಂದು ಮನೆಯವರು ಎದೆಗುಂದುವುದುಂಟು. ಹಾಗೇನೂ ಇಲ್ಲ, ಎಷ್ಟೋ ಮಂದಿಗೆ ಅದು ಕೆಲವು ದಿನಗಳ ಏರ್ಪಾಡು. ಹೊಟ್ಟೆಗೆ ನೇರವಾಗಿ ತೂತು ಮಾಡಿ ಕೊಳವೆ ಇಡುವುದನ್ನು ಮೊದಲ ಎರಡು ಮೂರು ವಾರಗಳಲ್ಲಿ ಅವಸರಿಸಬಾರದು ಎಂಬುದು 2005ರಲ್ಲಿ ಪ್ರಕಟವಾದ ದೊಡ್ಡದೊಂದು ಅಂತರರಾಷ್ಟ್ರೀಯ ಪ್ರಯೋಗದಿಂದ ಬಂದ ತಿಳಿವಳಿಕೆ. ಮಾತ್ರೆಗಳನ್ನು ಕುಟ್ಟಿ ಟ್ಯೂಬಿನಲ್ಲಿ ಹಾಕುವಾಗ ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಒಮ್ಮೆ ಕೇಳಬೇಕು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ದಿನವಿಡೀ ಬರಬೇಕಾದ ಔಷಧಿ ಒಮ್ಮೆಗೇ ರಕ್ತಕ್ಕೆ ಸೇರುತ್ತದೆ.

ಟ್ಯೂಬ್ ಇದ್ದರೆ ನ್ಯುಮೋನಿಯಾ ಬರುವುದಿಲ್ಲ ಎಂಬ ನಂಬಿಕೆ ಮಾತ್ರ ತಪ್ಪು. ಊಟ ಟ್ಯೂಬಿನಲ್ಲಿ ಹೋಗುತ್ತದೆ, ಎಂಜಲು? ಅದು ದಿನಕ್ಕೆ ಒಂದು ಲೀಟರಿನ ಆಸುಪಾಸು ಬಾಯಲ್ಲೇ ಊರುತ್ತದೆ, ಬಾಯಲ್ಲಿರುವ ರೋಗಾಣುಗಳನ್ನು ಹೊತ್ತು ಅದೇ ಗಂಟಲಿನಲ್ಲಿ ಇಳಿಯುತ್ತದೆ. ಅಮೆರಿಕದ ಸೂಸನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ನ್ಯುಮೋನಿಯಾದ ಮುನ್ಸೂಚನೆ ಕೊಟ್ಟ ಸಂಗತಿಗಳಲ್ಲಿ ಮುಂದೆ ನಿಂತದ್ದು ಊಟ ಮಾಡಿಸಲು, ಹಲ್ಲುಜ್ಜಲು ಬೇರೆಯವರನ್ನು ಅವಲಂಬಿಸಿರುವುದು, ಹುಳುಕು ಹಲ್ಲು, ಟ್ಯೂಬ್ ಊಟ. ನುಂಗುವ ತೊಂದರೆಯೊಂದರಿಂದಲೇ ನ್ಯುಮೋನಿಯಾ ಬರುವುದು ಕಡಿಮೆ, ಕೊಳಕು ಬಾಯಿ, ಬೇರೆ ನಿತ್ರಾಣ ಇಂಥವೂ ಸಾಮಾನ್ಯವಾಗಿ ಜೊತೆ ಸೇರಿರುತ್ತವೆ. ನಮ್ಮ ವಾರ್ಡುಗಳಲ್ಲಿ ‘ಬಾಯಿಗೆ ಏನೂ ಕೊಡುತ್ತಿಲ್ಲವಲ್ಲ’ ಎಂದು ಹಲ್ಲುಜ್ಜಿಸುವುದನ್ನೂ ಬಿಟ್ಟುಬಿಡುತ್ತಾರೆ. ಆಗಬೇಕಾದದ್ದು ಇದರ ಉಲ್ಟಾ. ಬಾಯಿಗೆ ಏನೂ ಕೊಡದವರ ಬಾಯನ್ನೇ ಹೆಚ್ಚು ಸಲ, ಮೆತ್ತಗಿನ ಬ್ರಷ್ಷಿನಿಂದ, ನೀರು ಕಡಿಮೆ ಬಳಸಿ, ತಲೆ ಎತ್ತರಿಸಿ ಸ್ವಚ್ಛ ಮಾಡಬೇಕು. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದಿಡಬೇಕು. ನುಂಗುವ ತಪಾಸಣೆಯಷ್ಟೇ ಮುಖ್ಯವಾದ ಕೆಲಸವಿದು, ಇದನ್ನು ಮನೆಯವರೇ ಮಾಡಬಹುದು.

ಅಡುಗೆಮನೆಗೆ ಬಂದಾಗ

ಮಂದವಾದದ್ದು ಕೊಡಿ ಎಂದು ಹೇಳಿ ಕಳಿಸಿದರೆ, ಎಷ್ಟು ಮಂದ ಎಂಬುದು ಒಬ್ಬೊಬ್ಬರ ಅಡುಗೆಮನೆಯಲ್ಲಿ ಒಂದೊಂದು. ಇದಕ್ಕಾಗಿ 0ಯಿಂದ 7ರವರೆಗಿನ ಅಂತರರಾಷ್ಟ್ರೀಯ ಅಳತೆಯೊಂದು ಬಂದಿದೆ, ಅದರ ಹೆಸರು ಇಡ್‌ಸಿ. ಅದರಲ್ಲಿ ಪಾನೀಯ ಅಳೆಯುವ ಕ್ರಮ ಮನೆಯಲ್ಲೇ ಮಾಡುವಂಥದು. ಸೂಜಿಯನ್ನೂ ಒಳಗಿನ ಒತ್ತುಕಡ್ಡಿಯನ್ನೂ ತೆಗೆದ 10 ಮಿಲಿ ಸಿರಿಂಜಿನ ತುದಿಗೆ ಬೆರಳು ಒತ್ತಿ, ಗಂಜಿಯನ್ನು 10ರ ಗೆರೆಯವರೆಗೆ ತುಂಬಿ, ಬೆರಳು ತೆಗೆದು 10 ಸೆಕೆಂಡು ಬಿಟ್ಟು ಮತ್ತೆ ಮುಚ್ಚಿ ಎಷ್ಟು ಉಳಿದಿದೆ ನೋಡುವುದು. 1 ಮಿಲಿಗಿಂತ ಕಡಿಮೆ ಉಳಿದರೆ ಅದು ನೀರಿನಷ್ಟೇ ತೆಳು. 1ರಿಂದ 4 ಉಳಿದರೆ ಮೊದಲ ಹಂತ, 4ರಿಂದ 8 ಎರಡನೆಯದು, 8ಕ್ಕಿಂತ ಹೆಚ್ಚು ಉಳಿದು ಒಂದಿಷ್ಟಾದರೂ ಇಳಿದರೆ ಮೂರನೆಯದು. ಸಿರಿಂಜುಗಳ ಉದ್ದದಲ್ಲಿ ವ್ಯತ್ಯಾಸವಿದೆ. ಸೊನ್ನೆಯಿಂದ 10ರ ಗೆರೆಯವರೆಗೆ 61.5 ಮಿಲಿಮೀಟರ್ ಇರುವುದೇ ಆಗಬೇಕು. ಬಿಸಿಯಾಗಿದ್ದಾಗ ತೆಳುವಾಗಿದ್ದ ರಾಗಿ ಗಂಜಿ ಆರಿದ ಮೇಲೆ ಗಟ್ಟಿಯಾಗುವುದರಿಂದ, ಕುಡಿಸುವ ಬಿಸಿಯಲ್ಲೇ ಅಳೆಯಬೇಕು.

ಯಾವ ಹಂತ ಯಾರಿಗೆ ಎಂಬುದನ್ನು ಪರೀಕ್ಷಿಸಿದವರು ಹೇಳಬೇಕು. ಆದರೆ ನಮ್ಮ ತಟ್ಟೆಯಲ್ಲಿರುವ ಒಂದು ತೊಡಕನ್ನು ಇಲ್ಲೇ ಹೇಳಿಬಿಡುತ್ತೇನೆ. ಮೆತ್ತಗಿದೆ ಎಂದು ಕೊಡುವ ಸಾರು ಅನ್ನ, ಸಾಂಬಾರಿನಲ್ಲಿ ನೆನೆದ ಇಡ್ಲಿ, ಹಾಲಿನಲ್ಲಿ ಹಾಕಿದ ಅವಲಕ್ಕಿ ಇವೆಲ್ಲ ನೀರೂ ಗಟ್ಟಿಯೂ ಬೆರೆತವು. ಬಾಯಿ ಗಟ್ಟಿಯನ್ನು ಅಗಿಯುತ್ತಿರುವಾಗಲೇ ತೆಳುವಾದದ್ದು ಹಿಂದಕ್ಕೆ ಹರಿದಿರುತ್ತದೆ. ಒಂದೇ ಹದಕ್ಕೆ ಕಿವುಚಿದ ಮೊಸರನ್ನ ಇವಕ್ಕಿಂತ ಸಲೀಸು. ಮಂಡಕ್ಕಿ, ಒಣ ಚಿತ್ರಾನ್ನದ ಶೇಂಗಾ, ರವೆ ಉದುರುವ ಉಪ್ಪಿಟ್ಟು ದೂರವಿರಲಿ. ಅಗಿಯದೆ ನುಂಗುವ ಮುದ್ದೆಯ ವಿಷಯದಲ್ಲಂತೂ ಥೆರಪಿಸ್ಟ್ ಒಪ್ಪುವ ತನಕ ಕಾಯಬೇಕು, ಹಳೆಯ ರೂಢಿ ಇದ್ದವರು ಎಷ್ಟೇ ಹಂಬಲಿಸಿದರೂ. ಮತ್ತೊಂದು, ತಲೆ ಹಿಂದಕ್ಕೆ ಎತ್ತಿ ತುಟಿಗೆ ತಾಗಿಸದೆ ನೀರು ಸುರಿದುಕೊಳ್ಳುವ ನಮ್ಮ ಅಭ್ಯಾಸ. ಕುತ್ತಿಗೆ ಹಿಂದೆ ಬಾಗಿದಾಗ ನೀರು ಗಂಟಲಿಗೆ ತಾನಾಗಿ ಧುಮುಕುತ್ತದೆ, ಶ್ವಾಸದ ದಾರಿ ತೆರೆದುಕೊಂಡೇ ಇರುತ್ತದೆ. ಸ್ಟ್ರೋಕ್ ಆದವರು ಲೋಟವನ್ನು ತುಟಿಗಿಟ್ಟು, ತಲೆ ನೇರವಾಗಿಟ್ಟು, ಸಣ್ಣ ಗುಟುಕಾಗಿ ಕುಡಿಯಬೇಕು. ಎಂಜಲಿನ ಮಾತು ಬಂದರೆ ಅವರಿಗೊಂದು ಬೇರೆ ಲೋಟ ಇಟ್ಟರಾಯಿತು.

ಮಂದ ಮಾಡಿದ ನೀರಿಗೂ ಒಂದು ದೋಷವಿದೆ. ಅದು ಯಾರಿಗೂ ರುಚಿಸುವುದಿಲ್ಲ, ಕುಡಿಯುವುದು ಕಡಿಮೆಯಾಗಿ ಮೈಯಲ್ಲಿ ನೀರಿನಂಶ ಇಳಿಯುತ್ತದೆ. ನಾಲಗೆ ಒಣಗಿದೆಯೇ, ಮೂತ್ರ ಗಾಢವಾಗಿದೆಯೇ ಎಂದು ನೋಡುತ್ತಿರಬೇಕು. ಅನವಶ್ಯಕವಾಗಿ ತಿಂಗಳುಗಟ್ಟಲೆ ಅದನ್ನೇ ಮುಂದುವರಿಸಬಾರದು.

ಮುಂದುವರಿಸಬೇಕಾಗಿಯೂ ಬರುವುದಿಲ್ಲ, ಬಹುಪಾಲು ಮಂದಿಗೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 128 ರೋಗಿಗಳನ್ನು ಹಿಂಬಾಲಿಸಿದ 1999ರ ಅಧ್ಯಯನದಲ್ಲಿ, ಆರು ತಿಂಗಳಿಗೆ ಬದುಕುಳಿದಿದ್ದವರ ಪೈಕಿ ಶೇ 87 ಮಂದಿ ಸ್ಟ್ರೋಕ್‌ಗೆ ಮೊದಲಿನ ಊಟಕ್ಕೇ ಮರಳಿದ್ದರು. ಗಂಟಲು ಪೂರ್ತಿ ಸರಿಹೋಗಿತ್ತು ಎಂದಲ್ಲ, ಅರ್ಧದಷ್ಟು ಮಂದಿಯಲ್ಲಿ ಇನ್ನೂ ಏನಾದರೊಂದು ಏರುಪೇರು ಪರೀಕ್ಷೆಯಲ್ಲಿ ಕಾಣುತ್ತಿತ್ತು. ಹೇಗೆ ಮರಳುತ್ತದೆ ಎಂಬುದಕ್ಕೆ ಮ್ಯಾಂಚೆಸ್ಟರಿನ ಶಹೀನ್ ಹಮ್ದಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಸುಳಿವು ಕೊಟ್ಟರು. ತಲೆಯ ಹೊರಗಿನಿಂದ ಕಾಂತೀಯ ಪ್ರಚೋದನೆ ಕೊಟ್ಟು ಮೆದುಳಿನಲ್ಲಿ ಗಂಟಲಿಗೆ ಸೇರಿದ ಪ್ರದೇಶವನ್ನು ಅಳೆದಾಗ, ಚೇತರಿಸಿಕೊಂಡವರಲ್ಲಿ ಪೆಟ್ಟು ತಿನ್ನದ ಪಾರ್ಶ್ವದ ಪ್ರದೇಶ ವಾರಗಳು ಕಳೆದಂತೆ ಹಿಗ್ಗಿತ್ತು. ಎರಡು ಪಾರ್ಶ್ವಗಳಿಗೂ ಪಾಲಿರುವುದು ಇಲ್ಲಿ ನೆರವಿಗೆ ಬರುತ್ತದೆ. ಆದ್ದರಿಂದ ಇಂದು ಅನುತ್ತೀರ್ಣರಾದವರನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ಇಂದು ಉತ್ತೀರ್ಣರಾದವರು ನಾಳೆ ಮಂಕಾದರೆ, ಜ್ವರ ಬಂದರೆ, ಮಾತು ಮತ್ತಷ್ಟು ತೊದಲಿದರೆ ಅವರನ್ನೂ.

ಬಿಡುಗಡೆಯ ದಿನ ಡಿಸ್ಚಾರ್ಜ್ ಹಾಳೆಯಲ್ಲಿ ನುಂಗುವ ತಪಾಸಣೆಯ ಫಲಿತಾಂಶ, ಯಾವ ಹದದ ಊಟ, ಯಾವ ಹದದ ನೀರು, ಮರುಪರೀಕ್ಷೆ ಯಾವಾಗ ಎಂಬ ನಾಲ್ಕು ಸಾಲುಗಳು ಇವೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಅಲ್ಲೇ ಕೇಳಿ ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ ಊಟಕ್ಕೆ ಮೊದಲಿಗಿಂತ ಬಹಳ ಹೊತ್ತು ಹಿಡಿಯುತ್ತಿದ್ದರೆ, ಉಂಡ ಮೇಲೆ ದನಿ ಗೊರಗೊರ ಎನ್ನುತ್ತಿದ್ದರೆ, ಕಾರಣ ತಿಳಿಯದೆ ತೂಕ ಇಳಿಯುತ್ತಿದ್ದರೆ ಮರುಪರೀಕ್ಷೆಯ ದಿನದವರೆಗೆ ಕಾಯಬೇಡಿ. ಜ್ವರವೂ ಏದುಸಿರೂ ಜೊತೆಯಾಗಿ ಬಂದರೆ ಬಾಯಿಗೆ ಕೊಡುವುದನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ‘ಸ್ಟ್ರೋಕ್ ಆಗಿದೆ, ನುಂಗಲು ತೊಂದರೆ ಇದೆ’ ಎಂದು ಮೊದಲೇ ಹೇಳಿ.